ಟ್ಯಾಬಿನ ಮೇಲೆ ಕ್ಲಿಕ್ ಮಾಡಿದರೆ ಏನಾಗಬೇಕು? ಪಳಗಿದವರು ಹೇಳಿ

ಕೇಳಿದವರು:
ಕರಡು ತಿದ್ದುವವರಿಗಾಗಿ ಒಂದು ಸಣ್ಣ ಡೆಸ್ಕ್‌ಟಾಪ್ ತಂತ್ರಾಂಶ ಬರೆಯುತ್ತಿದ್ದೇನೆ. ಕಿಟಕಿ, ಬಟನ್, ಟ್ಯಾಬ್‌ಗಳನ್ನು ಸಿದ್ಧವಾಗಿ ಕೊಡುವ ಕ್ಯೂಟಿ (Qt) ಎಂಬ ಸಲಕರಣೆಯಲ್ಲಿ ಬರೆದದ್ದು, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯಬೇಕು. ಪುಸ್ತಕದ ಒಂದೊಂದು ಅಧ್ಯಾಯವೂ ಒಂದೊಂದು ಟ್ಯಾಬಿನಲ್ಲಿ ತೆರೆದುಕೊಳ್ಳುತ್ತದೆ. ಒಮ್ಮೆ ಕ್ಲಿಕ್ ಮಾಡಿದರೆ ಆ ಅಧ್ಯಾಯಕ್ಕೆ ಹೋಗಬೇಕು ಎಂಬುದಷ್ಟೇ ಸ್ಪಷ್ಟ. ಡಬಲ್ ಕ್ಲಿಕ್ಕಿಗೆ ಏನು ಕೊಡಲಿ? ಮೌಸಿನ ನಡುವಿನ ಚಕ್ರವನ್ನು ಒತ್ತಿದರೆ? ರೈಟ್ ಕ್ಲಿಕ್ ಮಾಡಿದರೆ ಆ ಟ್ಯಾಬ್ ಮುಂದಕ್ಕೆ ಬರಬೇಕೇ, ಬೇಡವೇ? ಡಬಲ್ ಕ್ಲಿಕ್ಕಿಗೆ ಮುಚ್ಚುವ ಕೆಲಸ ಕೊಟ್ಟರೆ ಚಿಕ್ಕ × ಗುರುತನ್ನು ಹುಡುಕುವ ಕಷ್ಟ ತಪ್ಪುತ್ತದೆ ಎಂದು ನನ್ನ ಎಣಿಕೆ. ಗೆಳೆಯನೊಬ್ಬ "ಎಲ್ಲವನ್ನೂ ಸೆಟ್ಟಿಂಗ್ಸ್‌ಗೆ ಹಾಕಿ ಕೈತೊಳೆದುಕೋ" ಎನ್ನುತ್ತಾನೆ. ಇಂಥದ್ದನ್ನು ಮಾಡಿ ಪಾಡುಪಟ್ಟವರು ಇದ್ದರೆ ಹೇಳಿ.

ಚುಟುಕಾಗಿ ಒಬ್ಬರು:
ಚಕ್ರ ಒತ್ತಿದರೆ ಮುಚ್ಚಬೇಕು, ಇದರಲ್ಲಿ ಚರ್ಚೆಯೇ ಬೇಡ. ಫೈರ್‌ಫಾಕ್ಸ್, ಕ್ರೋಮ್ ಬ್ರೌಸರುಗಳು, ಕೋಡ್ ಬರೆಯುವ ವಿಎಸ್ ಕೋಡ್, ಸಬ್ಲೈಮ್ ಎಲ್ಲದರಲ್ಲೂ ಹಾಗೆಯೇ. ಜನರ ಬೆರಳಿಗೆ ಅದು ರೂಢಿಯಾಗಿಹೋಗಿದೆ. ಕ್ಯೂಟಿಯ ಟ್ಯಾಬ್ ಪಟ್ಟಿ ಇದನ್ನು ತಾನಾಗಿ ಮಾಡುವುದಿಲ್ಲ, ನಾಲ್ಕು ಸಾಲು ನೀವೇ ಬರೆದುಕೊಳ್ಳಬೇಕು.

ಹಳೆಯ ಪ್ರೋಗ್ರಾಮರ್ ಒಬ್ಬರು:
ಡಬಲ್ ಕ್ಲಿಕ್ಕಿಗೆ ಮುಚ್ಚುವುದನ್ನು ಕೊಡಬೇಡಿ. ನಾನು ಕೊಟ್ಟು ಅನುಭವಿಸಿದ್ದೇನೆ.

ಒಂದು ಕಚೇರಿಗೆ ಕಡತ ನೋಡುವ ತಂತ್ರಾಂಶ ಮಾಡಿಕೊಟ್ಟಿದ್ದೆವು. ಡಬಲ್ ಕ್ಲಿಕ್ ಮಾಡಿದರೆ ಟ್ಯಾಬ್ ಮುಚ್ಚುತ್ತಿತ್ತು. ತೋರಿಸಿದಾಗ ಎಲ್ಲರೂ ಮೆಚ್ಚಿದ್ದರು. ತಿಂಗಳು ಕಳೆಯುವುದರೊಳಗೆ ಒಬ್ಬ ಹಿರಿಯ ಗುಮಾಸ್ತರಿಂದ ದೂರು ಬಂತು: "ನಾನು ಮುಟ್ಟಿದರೆ ಸಾಕು, ಕಡತ ಮಾಯವಾಗುತ್ತದೆ." ಮೂರು ದಿನ ನಮ್ಮ ಕೋಡನ್ನೇ ಜಾಲಾಡಿದೆವು. ಏನೂ ಸಿಗಲಿಲ್ಲ. ಕೊನೆಗೆ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಅವರು ಒತ್ತುತ್ತಿದ್ದುದು ಒಂದೇ ಸಲ, ಯಂತ್ರಕ್ಕೆ ಮುಟ್ಟುತ್ತಿದ್ದುದು ಎರಡು. ಮೌಸ್ ಹಳೆಯದು. ಒಳಗಿನ ಪುಟ್ಟ ಸ್ವಿಚ್ಚಿನ ಲೋಹದ ಎಲೆ ಸವೆದರೆ ಒಮ್ಮೆ ಒತ್ತಿದ್ದಕ್ಕೆ ಅದು ಪುಟಿದು ಎರಡು ಸಲ ತಾಗುತ್ತದೆ. ಮೌಸ್ ಬದಲಿಸಿದೆವು, ದೂರು ನಿಂತಿತು. ಆದರೆ ಸವೆದ ಮೌಸಿನ ಮೇಲೆ ಎಷ್ಟು ಮೇಜುಗಳಲ್ಲಿ ಕೈಗಳಿವೆಯೋ ಯಾರಿಗೆ ಗೊತ್ತು? ಮುಂದಿನ ಆವೃತ್ತಿಯಲ್ಲಿ ಆ ಸೌಲಭ್ಯವನ್ನೇ ಕಿತ್ತುಹಾಕಿದೆ.

ಮೌಸ್ ಹೊಸದಾಗಿದ್ದರೂ ತೊಂದರೆ ಇದ್ದೇ ಇದೆ. ಡಬಲ್ ಕ್ಲಿಕ್ ಎಂಬುದು ಬರುವ ಹೊತ್ತಿಗೆ ಮೊದಲನೆಯ ಕ್ಲಿಕ್ ತನ್ನ ಕೆಲಸ ಮಾಡಿ ಆಗಿರುತ್ತದೆ. ಕ್ಯೂಟಿಯಲ್ಲಿ ಒತ್ತಿದ್ದು, ಬಿಟ್ಟಿದ್ದು, ಡಬಲ್ ಕ್ಲಿಕ್, ಮತ್ತೆ ಬಿಟ್ಟಿದ್ದು, ಈ ಸರದಿಯಲ್ಲಿ ಸುದ್ದಿ ಬರುತ್ತದೆ. ಎರಡನೆಯದು ಬರುವುದೋ ಇಲ್ಲವೋ ಎಂದು ಕಾದು ಕುಳಿತರೆ ಒಂದೇ ಕ್ಲಿಕ್ ಮಾಡಿದವರೂ ಕಾಯಬೇಕು. ವಿಂಡೋಸ್‌ನಲ್ಲಿ ಎರಡು ಕ್ಲಿಕ್ಕುಗಳ ನಡುವಿನ ಆ ಗಡುವು, ನಾವಾಗಿ ಬದಲಿಸದಿದ್ದರೆ, 500 ಮಿಲಿಸೆಕೆಂಡ್. ಅರ್ಧ ಸೆಕೆಂಡ್ ತಡವಾಗಿ ಬದಲಾಗುವ ಟ್ಯಾಬನ್ನು ಬಳಸಿ ನೋಡಿ, ಕಂಪ್ಯೂಟರಿಗೆ ಜ್ವರ ಬಂದಿದೆಯೇನೋ ಅನ್ನಿಸುತ್ತದೆ. ಹಾಗಾಗಿ ಎರಡನೆಯ ಕ್ಲಿಕ್ ಮೊದಲನೆಯದರ ಮುಂದುವರಿಕೆಯಾಗಿದ್ದರೆ ಮಾತ್ರ ಹೊಂದುತ್ತದೆ. ಕೋಡ್ ಬರೆಯುವ ಎಕ್ಲಿಪ್ಸ್ ತಂತ್ರಾಂಶದಲ್ಲಿ ಒಂದು ಕ್ಲಿಕ್ಕಿಗೆ ಕಡತ ಮುಂದೆ ಬರುತ್ತದೆ, ಡಬಲ್ ಕ್ಲಿಕ್ಕಿಗೆ ಅದೇ ಕಡತ ಕಿಟಕಿಯ ತುಂಬ ಹರಡಿಕೊಳ್ಳುತ್ತದೆ, ಮತ್ತೊಮ್ಮೆ ಮಾಡಿದರೆ ಮೊದಲಿನಂತಾಗುತ್ತದೆ. ವಿಎಸ್ ಕೋಡ್‌ನಲ್ಲಿ ಕಡತಗಳ ಪಟ್ಟಿಯಲ್ಲಿ ಒಂದು ಕ್ಲಿಕ್ ಮಾಡಿದರೆ ಹೆಸರು ಓರೆ ಅಕ್ಷರದಲ್ಲಿ ಬರುತ್ತದೆ, ಅಂದರೆ ತಾತ್ಕಾಲಿಕ ನೋಟ. ಡಬಲ್ ಕ್ಲಿಕ್ ಮಾಡಿದರೆ ಅಕ್ಷರ ನೆಟ್ಟಗಾಗಿ ಟ್ಯಾಬ್ ಉಳಿಯುತ್ತದೆ. ಎರಡರಲ್ಲೂ ಕೈತಪ್ಪಿ ಆದರೆ ನಷ್ಟವಿಲ್ಲ. ನಿಮ್ಮ ತಂತ್ರಾಂಶಕ್ಕೆ ಎಕ್ಲಿಪ್ಸ್‌ನ ರೀತಿ ಸರಿ. ಕರಡು ತಿದ್ದುವವರಿಗೆ ದೊಡ್ಡ ಪುಟ ಯಾವಾಗಲೂ ಬೇಕು.

ಇನ್ನೊಂದು ಮಾತು. × ಗುರುತಿನ ಮೇಲೂ ಡಬಲ್ ಕ್ಲಿಕ್ ಮಾಡುವವರಿದ್ದಾರೆ. ಐಕಾನ್ ತೆರೆಯಲು ಕಲಿತ ಪಾಠವನ್ನು ಎಲ್ಲ ಕಡೆಗೂ ಹಚ್ಚುತ್ತಾರೆ, ತಪ್ಪು ಅವರದಲ್ಲ. ಮೊದಲ ಕ್ಲಿಕ್ಕಿಗೆ ಟ್ಯಾಬ್ ಹೋಯಿತು, ಪಕ್ಕದ್ದು ಸರಿದು ಆ ಜಾಗಕ್ಕೆ ಬಂತು, ಎರಡನೆಯ ಕ್ಲಿಕ್ಕಿಗೆ ಅದೂ ಹೋಯಿತು. ಕ್ರೋಮ್‌ನಲ್ಲಿ ಮೌಸಿನಿಂದ ಒಂದೊಂದಾಗಿ ಮುಚ್ಚುತ್ತ ಹೋದರೆ, ಮೌಸಿನ ಬಾಣ ಟ್ಯಾಬ್ ಪಟ್ಟಿಯಿಂದ ಆಚೆ ಬರುವ ತನಕ ಉಳಿದವು ಅಗಲವಾಗುವುದಿಲ್ಲ. ಮುಂದಿನ × ಸರಿಯಾಗಿ ಬಾಣದ ಕೆಳಗೇ ಬಂದು ನಿಲ್ಲುತ್ತದೆ. ಸಾಲಾಗಿ ಮುಚ್ಚುವವರಿಗೆ ಅದು ವರ, ಡಬಲ್ ಕ್ಲಿಕ್ ಚಟದವರಿಗೆ ಶಾಪ. ಒಂದು ಟ್ಯಾಬ್ ಮುಚ್ಚಿದ ಮೇಲೆ ಡಬಲ್ ಕ್ಲಿಕ್ ಗಡುವಿನೊಳಗೆ ಅಲ್ಲಿಯೇ ಬಂದ ಇನ್ನೊಂದು ಕ್ಲಿಕ್ಕನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಗಡುವನ್ನು ಕೋಡಿನಲ್ಲಿ ಕೆತ್ತಬೇಡಿ, ಗಣಕದಿಂದಲೇ ಕೇಳಿ ಪಡೆಯಿರಿ. ಅದನ್ನು ಹೆಚ್ಚಿಸಿಕೊಂಡವರು ಇರುತ್ತಾರೆ.

ಲಿನಕ್ಸ್ ಬಳಸುವವರು:
ಚಕ್ರದ ಬಗ್ಗೆ ಮೊದಲು ಹೇಳಿದವರು ಒಂದು ಬಿಟ್ಟರು. ಲಿನಕ್ಸ್‌ನಲ್ಲಿ ನಡುವಿನ ಬಟನ್ ಎಂದರೆ ಆಯ್ದ ಪಠ್ಯವನ್ನು ಅಂಟಿಸುವುದು, ಪರದೆಯಲ್ಲಿ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್ ವಿಂಡೋ ಕಾಲದಿಂದ ನಡೆದುಬಂದದ್ದು. ಟ್ಯಾಬಿನ ಮೇಲೆ ಒತ್ತಲು ಹೋಗಿ ಕೂದಲೆಳೆಯಷ್ಟು ಕೆಳಗೆ ತಾಗಿತು ಅನ್ನಿ, ಎಲ್ಲೋ ಆಯ್ದಿದ್ದ ಸಾಲು ಅಧ್ಯಾಯದ ನಡುವೆ ಬಂದು ಕೂರುತ್ತದೆ. ಬೇರೆ ತಂತ್ರಾಂಶದಲ್ಲಿ ಇದು ತಮಾಷೆ. ಕರಡು ತಿದ್ದುವಲ್ಲಿ ಅದು ಅಚ್ಚಿಗೇ ಹೋಗಬಹುದು. ಟ್ಯಾಬ್ ಪಟ್ಟಿಗೂ ಪಠ್ಯಕ್ಕೂ ನಡುವೆ ಯಾವ ಕ್ಲಿಕ್ಕಿಗೂ ಓಗೊಡದ ಒಂದು ತೆಳು ಪಟ್ಟಿ ಬಿಡಿ.

ಚಕ್ರವನ್ನು ಒತ್ತುವಾಗ ಅದು ಒಂದು ಹಲ್ಲು ತಿರುಗುವುದೂ ಉಂಟು. ಕ್ಯೂಟಿಯ ಟ್ಯಾಬ್ ಪಟ್ಟಿ ಚಕ್ರ ತಿರುಗಿದರೆ ಟ್ಯಾಬ್ ಬದಲಿಸುತ್ತದೆ. ನನ್ನ ಮೊದಲ ಕೋಡು 'ಈಗ ತೆರೆದಿರುವ ಟ್ಯಾಬನ್ನು ಮುಚ್ಚು' ಎಂದಿತ್ತು; ಬಾಣ ಒಂದರ ಮೇಲೆ, ಮುಚ್ಚಿದ್ದು ಇನ್ನೊಂದು. ಬಾಣದ ಕೆಳಗೆ ಯಾವುದಿದೆ ಎಂದು ನೋಡಿ ಅದನ್ನೇ ಮುಚ್ಚಿ. ತಿರುಗಿಸಿದರೆ ಬದಲಾಗುವುದನ್ನು ತೆಗೆದುಬಿಡಿ, ಕ್ಯೂಟಿಯಂಥದ್ದೇ ಇನ್ನೊಂದು ಸಲಕರಣೆಯಾದ ಜಿಟಿಕೆಯವರೂ (GTK) ಮೂರನೆಯ ಆವೃತ್ತಿಯಲ್ಲಿ ತೆಗೆದರು. ಅದಕ್ಕೆ ಗೊಣಗಿದವರಲ್ಲಿ ನಾನೂ ಒಬ್ಬ, ಈಗ ಒಪ್ಪುತ್ತೇನೆ.

ಟೆಸ್ಟಿಂಗ್ ವಿಭಾಗದವರು:
ಒತ್ತಿದ ಕೂಡಲೇ ಆಗಬೇಕೋ, ಬಿಟ್ಟ ಮೇಲೋ ಎಂಬುದನ್ನು ಯಾರೂ ಎತ್ತಲಿಲ್ಲ. ಟ್ಯಾಬ್ ಬದಲಾಗುವುದು ಒತ್ತಿದಾಗಲೇ ಆಗಲಿ, ಕ್ಯೂಟಿಯಲ್ಲಿ ಸಹಜವಾಗಿ ಹಾಗೆಯೇ ಇದೆ. ಮುಚ್ಚುವುದು ಬಿಟ್ಟಾಗ ಮಾತ್ರ, ಅದೂ ಒತ್ತಿದ ಟ್ಯಾಬಿನ ಮೇಲೆಯೇ ಬಿಟ್ಟರೆ. ತಪ್ಪಿ ಒತ್ತಿದವರು ಬಟನ್ ಹಿಡಿದುಕೊಂಡೇ ಪಕ್ಕಕ್ಕೆ ಸರಿದು ಪಾರಾಗಬೇಕು. ವೆಬ್ ಪುಟಗಳ ಸುಗಮ ಬಳಕೆಗಾಗಿ 2018ರಲ್ಲಿ ಬಂದ ಡಬ್ಲ್ಯುಸಿಎಜಿ (WCAG) 2.1 ಎಂಬ ಮಾರ್ಗಸೂಚಿ ಕೂಡ ಇದನ್ನೇ ಹೇಳುತ್ತದೆ. ಡೆಸ್ಕ್‌ಟಾಪಿಗೂ ಅದೇ ನ್ಯಾಯ.

ಟ್ಯಾಬನ್ನು ಎಳೆದು ಜಾಗ ಬದಲಿಸುವುದರ ಬಗ್ಗೆಯೂ ನೋಡಿ. ಎಷ್ಟು ಸರಿದರೆ 'ಎಳೆದದ್ದು' ಎಂದು ಎಣಿಸಬೇಕು? ವಿಂಡೋಸ್‌ನ ಎಣಿಕೆ 4 ಪಿಕ್ಸೆಲ್, ಕ್ಯೂಟಿಯದು 10. ಕೈ ನಡುಗುವವರಿಗೆ 4 ಏನೇನೂ ಸಾಲದು. ನಿಮ್ಮಲ್ಲಿ ಟ್ಯಾಬಿನ ಸಾಲೆಂದರೆ ಅಧ್ಯಾಯಗಳ ಸಾಲು. ಏಳನೆಯದು ಐದನೆಯದರ ಜಾಗಕ್ಕೆ ಹೋದರೆ ಪುಸ್ತಕದಲ್ಲೇ ಹಾಗಾಯಿತೆಂದು ಗಾಬರಿಯಾಗುವುದಿಲ್ಲವೇ? ಎಳೆಯುವುದೇ ಬೇಡ ಎಂಬುದು ನನ್ನ ಮತ.

ಅನುವಾದಕಿ ಒಬ್ಬರು:
ನಾನು ಪ್ರೋಗ್ರಾಮರ್ ಅಲ್ಲ, ಇಂಥ ತಂತ್ರಾಂಶಗಳ ಮುಂದೆ ದಿನವಿಡೀ ಕೂರುವವಳು. ನನ್ನ ಲ್ಯಾಪ್‌ಟಾಪಿನಲ್ಲಿ ಚಕ್ರವೇ ಇಲ್ಲ, ಮೌಸನ್ನೂ ಇಟ್ಟುಕೊಂಡಿಲ್ಲ. ನಿಮ್ಮ ಚರ್ಚೆಯ ಅರ್ಧ ನನಗೆ ಸಂಬಂಧಿಸಿದ್ದಲ್ಲ. ನನಗೆ ರೈಟ್ ಕ್ಲಿಕ್ಕೇ ಗತಿ. ಅದನ್ನು ಮಾಡಿದಾಗ ಓದುತ್ತಿರುವ ಪುಟ ಕದಲಬಾರದು. ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ ಕದಲುವುದಿಲ್ಲ. ಮೆನು ಮಾತ್ರ ಆ ಟ್ಯಾಬಿಗೆ ಸೇರಿದ್ದಾಗಿರುತ್ತದೆ.

ಆ ಮೆನುವಿನಲ್ಲಿ 'ಮುಚ್ಚು' ಎಂಬುದರ ಬೆನ್ನಿಗೇ 'ಉಳಿದೆಲ್ಲ ಮುಚ್ಚು' ಎಂದು ದಯವಿಟ್ಟು ಇಡಬೇಡಿ. ಒಮ್ಮೆ ಬೆರಳು ಒಂದು ಸಾಲು ಜಾರಿ ಹದಿನಾಲ್ಕು ಕಡತಗಳು ಒಟ್ಟಿಗೆ ಹೋದವು. 'ಖಚಿತವೇ?' ಎಂಬ ಪೆಟ್ಟಿಗೆ ಬಂದಿತ್ತು, ನಿಜ. ದಿನಕ್ಕೆ ನೂರು ಸಲ ಬರುವ ಪೆಟ್ಟಿಗೆಯನ್ನು ಓದುವವರು ಯಾರು? ಎಂಟರ್ ಒತ್ತಿದ್ದೆ. ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್, ಟಿ ಒತ್ತಿದರೆ ಮುಚ್ಚಿದ್ದು ಮರಳಿ ಬರುತ್ತದಲ್ಲ, ಅದೊಂದನ್ನು ಕೊಡಿ. ತಿದ್ದುತ್ತಿದ್ದ ಸಾಲಿಗೇ ಕರ್ಸರ್ ಮರಳಿದರಂತೂ ನಿಮಗೆ ಪುಣ್ಯ ಬರುತ್ತದೆ.

ಹಳೆಯ ಪ್ರೋಗ್ರಾಮರ್, ಮತ್ತೆ:
ಅವರು ಹೇಳಿದ್ದನ್ನು ಮೊದಲು ಮಾಡಿ, ನನ್ನದು ಆಮೇಲೆ. ಸೆಟ್ಟಿಂಗ್ಸ್ ಬಗ್ಗೆ: ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಡಬಲ್ ಕ್ಲಿಕ್ಕಿಗೆ ಮುಚ್ಚುವ ಆಯ್ಕೆ ಇದೆ, ಬೇಕೆಂದವರು ಹುಡುಕಿ ಹಾಕಿಕೊಳ್ಳಬೇಕು. ನಿಮ್ಮ ಗೆಳೆಯರಿಗೆ ಹೇಳಿ, ಸೆಟ್ಟಿಂಗ್ಸ್ ತೆರೆದೇ ನೋಡದವರಿಗೆ ಏನು ಸಿಗಬೇಕು ಎಂಬುದನ್ನು ಆಗಲೂ ನೀವೇ ತೀರ್ಮಾನಿಸಬೇಕು.

ಕೇಳಿದವರು:
ಮುಚ್ಚಿದ್ದನ್ನು ಮರಳಿ ತರುವುದನ್ನು ನಿನ್ನೆ ರಾತ್ರಿ ಬರೆದೆ, ಕರ್ಸರಿನ ಜಾಗದ ಸಮೇತ. ಡಬಲ್ ಕ್ಲಿಕ್ಕಿಗೆ ಪುಟ ಹಿಗ್ಗುತ್ತದೆ. ಚಕ್ರಕ್ಕೆ ಮುಚ್ಚುತ್ತದೆ, ಬಿಟ್ಟಾಗ. ಎಳೆಯುವುದನ್ನು ಸದ್ಯಕ್ಕೆ ಕಟ್ಟಿಹಾಕಿದ್ದೇನೆ. ಪರೀಕ್ಷೆಗೆಂದು ಗುಜರಿ ಅಂಗಡಿಯಿಂದ ಒಂದು ಸವೆದ ಮೌಸ್ ತಂದೆ. ಮೂರು ಕ್ಲಿಕ್ಕಿಗೊಮ್ಮೆ ಎರಡಾಗಿ ತಾಗುತ್ತದೆ. ಅಂಗಡಿಯವನು ಕೆಟ್ಟಿದೆ ಎಂದು ದುಡ್ಡು ತೆಗೆದುಕೊಳ್ಳಲಿಲ್ಲ.