ಬೇಟೆ ಕೋವಿಯ ಮೇಲಿನ ಕೆಲಸಕ್ಕೆ ‘ಕೆತ್ತನೆ’ ಅನ್ನಬಹುದಾ?

ಗೆಳೆಯರೇ,

ದುಬಾರಿ ಬೇಟೆ ಕೋವಿಗಳನ್ನು ಕಲೆಯೆಂದೂ ಹೂಡಿಕೆಯೆಂದೂ ಕೊಂಡಿಡುವವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಸ್ಪೋರ್ಟಿಂಗ್ ಗನ್’ಗೆ ‘ಕ್ರೀಡಾ ಬಂದೂಕು’ ಅಂದರೆ ಒಲಿಂಪಿಕ್ಸ್ ನೆನಪಾಗುತ್ತದೆ. ಹಾಗಾಗಿ ‘ಬೇಟೆ ಕೋವಿ’ ಅಂತಲೇ ಇಟ್ಟುಕೊಂಡೆ. ಸಿಕ್ಕಿಕೊಂಡಿರುವುದು ‘ಎನ್‌ಗ್ರೇವಿಂಗ್’ ಹತ್ತಿರ, ಅಂದರೆ ಕೋವಿಯ ಉಕ್ಕಿನ ಮೇಲೆ ಚಿತ್ರ ಬಿಡಿಸುವ ಕೆಲಸದ ಹತ್ತಿರ.

‘ಕೆತ್ತನೆ’ ಇದೆಯಲ್ಲ ಅನ್ನಬಹುದು. ಬೇಲೂರಿನ ಕಲ್ಲಿಗೂ ಸಾಗರದ ಗಂಧದ ಪೆಟ್ಟಿಗೆಗೂ ಅದೇ ಪದ. ಅಲ್ಲಿ ಉಳಿ ಆಳಕ್ಕೆ ಇಳಿದು ಆಕಾರ ಮೇಲೆದ್ದು ಬರುತ್ತದೆ. ಉಕ್ಕಿನ ಮೇಲೆ ಹೆಚ್ಚಾಗಿ ನಡೆಯುವುದು ಬೇರೆ ಕೆಲಸ. 1814ರಲ್ಲಿ ಶುರುವಾದ ಲಂಡನ್ನಿನ ಪರ್ಡಿ ಕಂಪನಿಯ ಕೋವಿಗಳನ್ನು ನೋಡಿ. ಗುಲಾಬಿ ಗೊಂಚಲು, ಸುತ್ತ ಸುರುಳಿ ಬಳ್ಳಿ, ಎಲ್ಲ ಸಣ್ಣ ಸಣ್ಣ ಗೆರೆ. ಇಟಲಿಯ ಬ್ರೆಶಾ ಹತ್ತಿರ ಗಾರ್ದೋನೆ ಅನ್ನುವ ಊರಿದೆ. ಕೋವಿ ಮಾಡುವವರ ಊರು. ಅಲ್ಲಿಯ ‘ಬುಲೀನೋ’ ಕೆಲಸದಲ್ಲಿ ಸುತ್ತಿಗೆಯೇ ಇಲ್ಲ. ಚೂಪು ಮೊನೆಯ ಉಳಿಯನ್ನು ಅಂಗೈಯಲ್ಲಿ ಒತ್ತಿ ಸಾವಿರಾರು ಚುಕ್ಕಿ ಇಡುತ್ತಾರೆ. ಭೂತಗನ್ನಡಿ ಹಿಡಿದರೆ ಬರೀ ಚುಕ್ಕಿ, ಸ್ವಲ್ಪ ದೂರದಿಂದ ನೋಡಿದರೆ ಫೋಟೋದ ಹಾಗೆ ಹಕ್ಕಿಯ ಪುಕ್ಕ! ಫಿರ್ಮೋ ಫ್ರಕಾಸಿಯಂಥ ಬುಲೀನೋ ಕಲಾವಿದರ ಕೆಲಸ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ಇದು ಸುಮ್ನೆ ಪದದ ಹಟ ಅಲ್ಲ. ಬುಲೀನೋ ತುಂಬ ತೆಳು, ಕೈ ತಾಗಿ ತಾಗಿ ಸವೆಯುತ್ತದೆ. ಸವೆದ ಗೆರೆಗಳನ್ನು ಆಮೇಲೆ ಯಾರಾದರೂ ಮತ್ತೆ ಕೊರೆದಿದ್ದರೆ ಸಂಗ್ರಹಕಾರರು ಹಿಂದೆ ಸರಿಯುತ್ತಾರೆ, ಬೆಲೆ ಇಳಿಯುತ್ತದೆ. ಎಲ್ಲಕ್ಕೂ ‘ಕೆತ್ತನೆ’ ಅಂದರೆ ಇದನ್ನೆಲ್ಲ ಓದುಗರಿಗೆ ಹೇಗೆ ತಿಳಿಸುವುದು?

ನಮ್ಮ ಊರಿನದೇ ಉದಾಹರಣೆಯೂ ಇದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಮಾಡಿದ ಒಂದು ಬೇಟೆ ಕೋವಿ 2015ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ 7 ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯಿತು. ಟಿಪ್ಪುವಿನ ಕೋವಿಗಳಲ್ಲಿ ಹುಲಿಪಟ್ಟೆ, ಪರ್ಷಿಯನ್ ಬರಹ, ಬೆಳ್ಳಿ, ಚಿನ್ನ ಎಲ್ಲ ಉಂಟು. ಚಕಮಕಿ ಕಲ್ಲು ಹಿಡಿಯುವ ‘ಕುದುರೆ’ಯೂ ಕೆಲವದರಲ್ಲಿ ಹುಲಿಯ ರೂಪದಲ್ಲಿದೆ. ‘ಹುಲಿಯಾಕಾರದ ಕುದುರೆ’ ಅಂತ ಬರೆದರೆ ಕೋವಿ ಗೊತ್ತಿಲ್ಲದವರಿಗೆ ಗೊಂದಲ ಆಗುತ್ತದೆ, ಅಲ್ವಾ? ಆದರೂ ಆ ಹಳೆಯ ಪದ ಬಿಡಲು ನನಗೆ ಮನಸ್ಸಿಲ್ಲ. ಒಂದು ಸಾಲು ವಿವರಣೆ ಕೊಟ್ಟು ಉಳಿಸಿಕೊಳ್ಳುತ್ತೇನೆ.

ಸದ್ಯಕ್ಕೆ ನಾನು ಹೀಗೆ ಬರೆದಿದ್ದೇನೆ. ಗೆರೆಯ ಕೆಲಸಕ್ಕೆ ‘ಕೊರೆತ’, ಬುಲೀನೋಗೆ ‘ಚುಕ್ಕಿ ಕೊರೆತ’, ಉಬ್ಬಿ ಬಂದದ್ದಕ್ಕೆ ಮಾತ್ರ ‘ಕೆತ್ತನೆ’. ಕೊರೆದ ಗೆರೆಯೊಳಗೆ ಚಿನ್ನ ಸೇರಿಸಿದ್ದಕ್ಕೆ ‘ಎಳೆ ಕೂರಿಸಿದ್ದು’. ‘ಕೊರೆತ’ ಅಂದರೆ ಕಡಲ್ಕೊರೆತ ನೆನಪಾಗುತ್ತದೆ ಎಂದು ಮನೆಯಲ್ಲಿ ಆಕ್ಷೇಪ ಬಂದಿದೆ. ಅದೂ ನಿಜವೇ. ಶಾಸನಗಳ ಕೊನೆಯಲ್ಲಿ ಬರುವ ‘ಕಂಡರಿಸಿದಂ’ ನನಗೆ ಬಹಳ ಇಷ್ಟ. ಅದು ಕಲ್ಲಿನ ಮೇಲೆ ಅಕ್ಷರ ಕೊರೆದವನ ಮಾತು, ಉಕ್ಕಿನ ಕೆಲಸಕ್ಕೂ ಹೊಂದುತ್ತದೆ. ‘ಕಂಡರಣೆ’ ಅಂತ ತಂದರೆ ಇವತ್ತಿನ ಓದುಗರು ಹಿಡಿದುಕೊಳ್ಳುತ್ತಾರಾ?

ಬೀದರ್ ಕಡೆಯವರು ಯಾರಾದರೂ ಇದ್ದರೆ ಒಂದು ಸಹಾಯ ಮಾಡಿ. ಬಿದರಿ ಕೆಲಸದಲ್ಲೂ ಮೊದಲು ಲೋಹದ ಮೇಲೆ ಗೆರೆ ಕೊರೆದು, ಆಮೇಲೆ ಬೆಳ್ಳಿ ಎಳೆ ಕೂರಿಸುತ್ತಾರೆ. ಆ ಕೊರೆಯುವ ಹಂತಕ್ಕೆ ಕುಶಲಕರ್ಮಿಗಳು ಮನೆಯಲ್ಲಿ, ಅಂಗಡಿಯಲ್ಲಿ ಆಡುವ ಮಾತು ಯಾವುದು? ಪುಸ್ತಕದ ಪದ ಬೇಡ, ಬಾಯಿಮಾತೇ ಬೇಕು.