ಬಾಣೆಯಲ್ಲಿ ಲಂಟಾನ ಮತ್ತು ಹಳದಿ ಹೂವಿನ ಮರ: ತೆಗೆಯುವುದು ಹೇಗೆ?

ಪ್ರಶ್ನೆ (ತಿತಿಮತಿ):
ನಮ್ಮ ಕಾಫಿ ತೋಟದ ಮೇಲ್ಭಾಗದಲ್ಲಿರುವ ಮೂರು ಎಕರೆ ಬಾಣೆಗೆ (ಕೊಡಗಿನಲ್ಲಿ ಗದ್ದೆಗೆ ಸೇರಿಕೊಂಡಿರುವ ಕಾಡು ಜಮೀನು) ಹತ್ತು ವರ್ಷಗಳಿಂದ ಯಾರೂ ಕೈಹಾಕಿಲ್ಲ. ಈಗ ಅಲ್ಲಿ ಆಳೆತ್ತರದ ಲಂಟಾನ ಹಬ್ಬಿದ್ದು, ನಡುನಡುವೆ ಹಳದಿ ಹೂ ಬಿಡುವ ಏಳೆಂಟು ಮರಗಳೂ ಎದ್ದಿವೆ. ಅವು ಕಕ್ಕೆ ಮರಗಳೆಂದು ಅಮ್ಮ ಕಡಿಯಲು ಬಿಡುತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಆಳುಗಳನ್ನಿಟ್ಟು ಲಂಟಾನವನ್ನು ಕತ್ತಿಯಿಂದ ಸವರಿಸಿದೆ. ಮಳೆ ಬಿದ್ದ ಮೇಲೆ ಅದು ಮೊದಲಿಗಿಂತ ದಟ್ಟವಾಗಿ ಚಿಗುರಿತು. ಬೆಂಕಿ ಹಾಕಬಹುದೇ? ಹೂವಿಗೆ ಬರುವ ಚಿಟ್ಟೆಗಳನ್ನು ಕಂಡರೆ ತೆಗೆಯಲು ಮನಸ್ಸೂ ಬರುವುದಿಲ್ಲ.

ಉತ್ತರ (ಪೊನ್ನಂಪೇಟೆ):
ಬೆಂಕಿ ಖಂಡಿತ ಬೇಡ. ನಾಗರಹೊಳೆಯ ಕಾಡು ನಿಮಗೆ ಹತ್ತಿರದಲ್ಲಿದೆ. ಅಲ್ಲದೆ ಬೆಂಕಿಗೆ ಸಾಯುವುದು ನಮ್ಮ ಮತ್ತಿ, ಹೊನ್ನೆಗಳ ಸಸಿಗಳೇ ಹೊರತು ಬುಡದಿಂದ ಮತ್ತೆ ಚಿಗುರುವ ಲಂಟಾನವಲ್ಲ. ಮೊದಲ ಮಳೆಗೆ ಮಣ್ಣು ಮೆದುವಾದಾಗ, ನೆಲಮಟ್ಟಕ್ಕಿಂತ ಎರಡು ಮೂರು ಅಂಗುಲ ಕೆಳಗೆ ತಾಯಿಬೇರನ್ನು ಪಿಕಾಸಿಯಿಂದ ಕಡಿದು, ಗಿಡವನ್ನು ಎತ್ತಿ ಬೇರು ಮೇಲಾಗುವಂತೆ ತಲೆಕೆಳಗಾಗಿ ನಿಲ್ಲಿಸಿದರೆ ಅದು ಮತ್ತೆ ನೆಲ ಹಿಡಿಯದೆ ಒಣಗುತ್ತದೆ. ಪಿಕಳಾರ ಹಕ್ಕಿಗಳು ಲಂಟಾನದ ಹಣ್ಣು ತಿಂದು ಕೂರುವ ಮರಗಳ ಬುಡದಲ್ಲಿ ಸಸಿಗಳು ಏಳುತ್ತಲೇ ಇರುತ್ತವೆ. ಮುಂದಿನ ಮೂರು ನಾಲ್ಕು ಮಳೆಗಾಲ ಅವನ್ನು ಕೀಳದಿದ್ದರೆ ಆಳುಗಳಿಗೆ ಕೊಟ್ಟ ಕೂಲಿಯೆಲ್ಲ ವ್ಯರ್ಥ.

ಉತ್ತರ (ಗೋಣಿಕೊಪ್ಪ):
ಕಕ್ಕೆಯ ಹೂಗೊಂಚಲು ಬೇಸಿಗೆಯಲ್ಲಿ ಕೆಳಕ್ಕೆ ಜೋತುಬೀಳುತ್ತದೆ. ನಿಮ್ಮ ಮರದ ಗೊಂಚಲು ಮಳೆಗಾಲದ ಕೊನೆಯಲ್ಲಿ ಬಂದು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಂತರೆ ಅದು ಅಮೆರಿಕ ಖಂಡದಿಂದ ಅಲಂಕಾರಕ್ಕಾಗಿ ತಂದ ಸೆನ್ನಾ ಸ್ಪೆಕ್ಟಾಬಿಲಿಸ್; ವಯನಾಡಿನ ಕಾಡನ್ನು ಆವರಿಸಿರುವುದೂ ಇದೇ. ಕಡಿದರೆ ಒಂದು ಬುಡಕ್ಕೆ ಹತ್ತು ಚಿಗುರು ಬರುತ್ತದೆ. ಆದ್ದರಿಂದ ಬುಡದಿಂದ ಎದೆಯೆತ್ತರದವರೆಗೆ ಸುತ್ತಲೂ ತೊಗಟೆ ಸುಲಿದು, ನಿಂತಲ್ಲೇ ಒಣಗಲು ಬಿಡಬೇಕು. ಕೆಳಗಿನ ಚಿಗುರುಗಳನ್ನು ಆಗಾಗ ಚಿವುಟಬೇಕು. ಬಾಣೆಯ ಮರಗಳು ಸರ್ಕಾರದ್ದೋ ಹಿಡುವಳಿದಾರರದ್ದೋ ಎಂಬ ಹಕ್ಕಿನ ತೊಡಕು ತಮಗೆ ತಿಳಿದದ್ದೇ. ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಉತ್ತರ (ಸೋಮವಾರಪೇಟೆ):
ಮೂರು ಎಕರೆಯನ್ನೂ ಒಮ್ಮೆಗೇ ಬೋಳು ಮಾಡಬೇಡಿ. ನಾನು ಆ ತಪ್ಪು ಮಾಡಿದೆ: ಮೇಲ್ಮಣ್ಣು ಕೊಚ್ಚಿ ತೋಡಿಗೆ (ಹಳ್ಳಕ್ಕೆ) ಹೋಯಿತು, ಖಾಲಿ ಜಾಗಕ್ಕೆ ಯುಪಟೋರಿಯಂ ಎಂಬ ಇನ್ನೊಂದು ಕಳೆ ಬಂದಿತು. ಕಳೆ ಕಡಿಮೆಯಿರುವ ಅಂಚಿನಿಂದ ಆರಂಭಿಸಿ, ತೆಗೆದಷ್ಟು ಜಾಗದಲ್ಲಿ ಆ ಮಳೆಗಾಲದಲ್ಲೇ ಅತ್ತಿ, ನೇರಳೆ, ನೆಲ್ಲಿ ನೆಡಿ. ಚಿಟ್ಟೆಗಳು ಲಂಟಾನಕ್ಕೆ ಮಕರಂದಕ್ಕಷ್ಟೇ ಬರುತ್ತವೆ. ಅವುಗಳ ಮರಿಹುಳುಗಳಿಗೆ ಬೇರೆ ಗಿಡಗಳ ಎಲೆ ಬೇಕು. ನಮ್ಮ ಕಿತ್ತಳೆ ಗಿಡದ ಎಲೆ ತಿನ್ನುವ ಹುಳುವೂ ಒಂದು ಚೆಲುವಾದ ಕಪ್ಪು ಚಿಟ್ಟೆಯ ಮರಿಯೇ.

ಪ್ರಶ್ನೆ ಕೇಳಿದವರು:
ಗೊಂಚಲು ಮೇಲ್ಮುಖವಾಗಿಯೇ ಇದೆ, ಅಮ್ಮನೂ ನೋಡಿದರು. ಈ ವರ್ಷ ತೋಡಿನ ಕಡೆಯ ಅರ್ಧ ಎಕರೆಯನ್ನು ಮಾತ್ರ ಹಿಡಿಯುತ್ತೇನೆ.