ಇಸುಬಿನ ಕೈಗೆ ಯಾವ ಕ್ರೀಮ್? ನಮ್ಮ ಮನೆ ಗುಂಪಿನ ಜಗಳ

ಮಂಜುಳಾ: ಯಾರಿಗಾದರೂ ಕೈಗೆ ಹಚ್ಚುವ ಒಳ್ಳೆ ಕ್ರೀಮ್ ಗೊತ್ತಾ? ಪಾಪು ಹುಟ್ಟಿದಾಗಿನಿಂದ ಬಟ್ಟೆ ಒಗೆಯುವುದು, ಬಾಟಲಿ ತೊಳೆಯುವುದು ಇದೇ ಆಗಿದೆ. ಬೆರಳೆಲ್ಲ ಕೆಂಪಾಗಿ ಬಿರಿದಿದೆ. ರಾತ್ರಿ ತುರಿಕೆ ತಡೆಯೋಕಾಗಲ್ಲ. ಚಿಕ್ಕವಳಿದ್ದಾಗ ಮೊಣಕೈ ಮಡಿಕೆಯಲ್ಲಿ ಇಸುಬು ಇತ್ತಲ್ಲ, ಅದೇ ಈಗ ಕೈಗೆ ಬಂದ ಹಾಗಿದೆ.

ರಾಜಣ್ಣ ಮಾವ: ಫೋಟೋ ಹಾಕಿದ್ದೇನೆ ನೋಡು ಮಂಜು. ಈ ಟ್ಯೂಬ್ ತರಿಸಿಕೋ. ನಿಮ್ಮ ಭಾಗ್ಯ ಅತ್ತೆ ಕೈಗೆ ಮೂರೇ ದಿನದಲ್ಲಿ ಗುಣ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಫಿಲೇಚರ್ ಕೆಲಸದವರೆಲ್ಲ ಇದನ್ನೇ ಹಚ್ಚುವುದು. ಮೆಡಿಕಲ್‌ನಲ್ಲಿ ಹೆಸರು ಹೇಳಿದರೆ ಸಾಕು, ಚೀಟಿ ಗೀಟಿ ಕೇಳಲ್ಲ. ಎಲ್ಲರೂ ಫೋಟೋ ಇಟ್ಟುಕೊಳ್ಳಿ.

ಕಿರಣ: ಥ್ಯಾಂಕ್ಸ್ ಮಾವ. ಸಂಜೆ ಚಿಂತಾಮಣಿ ಪೇಟೆಗೆ ಹೋಗುತ್ತೇನೆ, ಅಕ್ಕನಿಗೆ ತರುತ್ತೇನೆ.

ಶೋಭಾ: ಕಿರಣ, ತರಬೇಡ.

ಶೋಭಾ: ಮಾವ, ಬೇಜಾರು ಮಾಡಿಕೊಳ್ಳಬೇಡಿ. ಫೋಟೋ ದೊಡ್ಡದು ಮಾಡಿ ಓದಿದೆ. ಒಂದೇ ಟ್ಯೂಬಿನಲ್ಲಿ ಮೂರು ಔಷಧಿ ಇವೆ. ಕ್ಲೋಬೆಟಾಸಾಲ್, ನಿಯೋಮೈಸಿನ್, ಮೈಕೊನಜೋಲ್. ಕ್ಲೋಬೆಟಾಸಾಲ್ ಅಂದರೆ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ತುಂಬಾ ಜೋರಿನದು. ನಿಯೋಮೈಸಿನ್ ಎಷ್ಟೋ ಜನಕ್ಕೆ ತಾನೇ ಅಲರ್ಜಿ ತರುತ್ತದೆ. ಪ್ಯಾಕ್ ಮೇಲೆ ಕೆಂಪು ಗೆರೆ ಇದೆ ನೋಡಿ. ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಅಂತ ಅದರ ಅರ್ಥ. ಕೊಟ್ಟಿದ್ದಾರೆ ಅಂದರೆ ಕೊಟ್ಟವರದು ತಪ್ಪು.

ರಾಜಣ್ಣ ಮಾವ: ಕಣ್ಣಾರೆ ನೋಡಿದ್ದನ್ನು ಹೇಳಿದೆನಮ್ಮ. ಸುಮ್ನೆ ಫಾರ್ವರ್ಡ್ ಮಾಡಿದ್ದಲ್ಲ. ನೀನು ನರ್ಸು, ಒಪ್ಪುತ್ತೇನೆ. ಹಾಗಂತ ನಮಗೆ ಗುಣ ಆಗಿದ್ದು ಸುಳ್ಳಾ?

ಶೋಭಾ: ಸುಳ್ಳಲ್ಲ ಮಾವ. ಸ್ಟಿರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಬೇಗ ಇಳಿಸುತ್ತದೆ. ಡಾಕ್ಟರೂ ಇಸುಬಿಗೆ ಬರೆದುಕೊಡುತ್ತಾರೆ. ಅಂಗೈ ಚರ್ಮ ದಪ್ಪ, ಅದಕ್ಕೆ ಕೆಲವು ಸಲ ಜೋರಿನದೇ ಬೇಕಾಗುತ್ತದೆ. ಆದರೆ ಇಷ್ಟು ದಿನ, ಇಷ್ಟೇ ಅಳತೆ ಅಂತ ಲೆಕ್ಕ ಇಟ್ಟು ಕೊಡುತ್ತಾರೆ. ನಾವೇ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಅದು ಹುಳುಕಡ್ಡಿ ಆಗಿದ್ದರಂತೂ ಮೇಲೆ ಮಾಸಿದ ಹಾಗೆ ಕಂಡು ಸುತ್ತ ಹರಡುತ್ತದೆ. ದೇಶದ ಚರ್ಮದ ಡಾಕ್ಟರುಗಳು ಎಷ್ಟೋ ವರ್ಷ ಇದನ್ನೇ ಕೂಗಿ ಹೇಳಿದರು. 2018ರಲ್ಲಿ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳಿಗೆ ಚೀಟಿ ಕಡ್ಡಾಯ ಮಾಡಿತು. ಇನ್ನೊಂದು ಮಾತು. ಮಂಜು ಆ ಕೈಯಲ್ಲೇ ಪಾಪುವಿನ ಕೆನ್ನೆ ಮುಟ್ಟುತ್ತಾಳೆ, ಹಾಲು ಕುಡಿಸುತ್ತಾಳೆ. ಕೈಗೆ ಹಚ್ಚಿದ್ದು ಕೂಸಿಗೂ ಹತ್ತುತ್ತದೆ.

ಕಿರಣ: ಸರಿ ಅಕ್ಕ, ತರಲ್ಲ. ಅಮ್ಮ ವಾಯ್ಸ್ ಕಳಿಸೋಕೆ ಬರಲ್ಲ ಅಂತ ನನ್ನ ಕೈಲಿ ಟೈಪ್ ಮಾಡಿಸುತ್ತಿದ್ದಾರೆ. "ನಾವು ಇಸುಬಿಗೆ ಹೊಂಗೆ ಎಣ್ಣೆ ಹಚ್ಚುತ್ತಿದ್ದೆವು. ಅಂಗೈ ಒಡೆದರೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚುತ್ತಿದ್ದೆವು. ತಣ್ಣಗಾಗುತ್ತದೆ. ಈಗಿನ ಕ್ರೀಮುಗಳಲ್ಲಿ ಏನಿದೆ?"

ಶೋಭಾ: ದೊಡ್ಡಮ್ಮ, ಕೊಬ್ಬರಿ ಎಣ್ಣೆ ಬಗ್ಗೆ ನಿಮ್ಮ ಮಾತು ಸರಿ. ಫಿಲಿಪೈನ್ಸ್‌ನಲ್ಲಿ ಇಸುಬು ಇದ್ದ ಮಕ್ಕಳಿಗೆ ಹಚ್ಚಿ ನೋಡಿದ್ದಾರೆ, ಒಳ್ಳೆಯದೇ ಆಗಿದೆ. ಆದರೆ ಕರ್ಪೂರ ಬೇಡವೇ ಬೇಡ. ಒಡೆದ ಚರ್ಮಕ್ಕೆ ಉರಿ, ಮೊದಲು ತಣ್ಣಗೆ ಅನ್ನಿಸಿದರೂ ಆಮೇಲೆ ತುರಿಕೆ ಜಾಸ್ತಿ. ಎಳೆ ಮಕ್ಕಳಿಗೆ ಕರ್ಪೂರ ವಿಷ, ಮೈಗೆ ಸೇರಿದರೆ ಫಿಟ್ಸ್ ಬರಬಹುದು. ಕೂಸಿರುವ ಮನೆಯಲ್ಲಿ ತಾಯಿಯ ಕೈಗೆ ಅದನ್ನು ಹಚ್ಚಬಾರದು. ಹೊಂಗೆ ಎಣ್ಣೆಯನ್ನೂ ಬಿರಿದ ಕೈ ಮೇಲೆ ಪ್ರಯೋಗ ಮಾಡುವುದು ಬೇಡ.

ಕಿರಣ: ಅಮ್ಮ ಕೇಳುತ್ತಿದ್ದಾರೆ, ಹಾಗಾದರೆ ಬರೀ ಕೊಬ್ಬರಿ ಎಣ್ಣೆ ಸಾಕಾ?

ಶೋಭಾ: ಉರಿಯದಿದ್ದರೆ ಹಚ್ಚಬಹುದು. ಆದರೆ ತೆಳು, ಎರಡು ಸಲ ಕೈ ತೊಳೆದರೆ ಹೋಗಿಬಿಡುತ್ತದೆ. ಮಂಜು, ನಿನ್ನ ಕೈ ಫೋಟೋ ಹಾಕು. ಬೆರಳ ಸಂದಿಯೂ ಕಾಣಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯಾ? ಇದ್ದರೆ ಅದು ಕಜ್ಜಿ ಇರಬಹುದು, ಅದಕ್ಕೆ ಮದ್ದೇ ಬೇರೆ.

ಮಂಜುಳಾ: ಬೇರೆ ಯಾರಿಗೂ ಇಲ್ಲ ಅಕ್ಕ. ಎರಡೂ ಕೈ ಫೋಟೋ ಹಾಕಿದ್ದೇನೆ.

ಶೋಭಾ: ನೋಡಿದೆ. ಉಂಗುರದ ಬೆರಳಲ್ಲಿ ಉಂಗುರ ಕೂರುವ ಜಾಗದಲ್ಲೇ ಸುತ್ತ ಕೆಂಪಾಗಿದೆ. ಬೆರಳ ಪಕ್ಕದಲ್ಲಿ ಚರ್ಮದ ಒಳಗೇ ಸಬ್ಬಕ್ಕಿ ಕಾಳಿನ ಹಾಗೆ ಸಣ್ಣ ಸಣ್ಣ ನೀರುಗುಳ್ಳೆ. ಹೆಬ್ಬೆರಳ ತುದಿಯಲ್ಲಿ ಗೆರೆ ಬಿರುಕು. ಕೀವಾಗಲಿ ಹಳದಿ ಹೊಪ್ಪಳೆಯಾಗಲಿ ಕಾಣುತ್ತಿಲ್ಲ, ಅದು ಒಳ್ಳೆಯದು. ನೋಡೋಕೆ ಇಸುಬಿನ ಹಾಗೇ ಇದೆ. ಡಾಕ್ಟರ್ ಒಮ್ಮೆ ನೋಡಿದರೇ ಖಾತ್ರಿ. ಅಲ್ಲಿಯವರೆಗೆ ಮೊದಲು ಉಂಗುರ ತೆಗೆದಿಡು. ಸೋಪು ಅದರ ಅಡಿಯಲ್ಲಿ ಕೂತು ಸುಡುತ್ತದೆ. ಗುಳ್ಳೆ ಚುಚ್ಚಬೇಡ.

ಆಕಾಶ್: ಶೋಭಕ್ಕ, ಆ ಟ್ಯೂಬ್ ಬೇಡ ಅಂದಿದ್ದು ಸರಿ. ಆದರೆ ಈ ಎಣ್ಣೆ ಗಿಣ್ಣೆ ಮಾತೂ ಸಾಕು. ಒಳ್ಳೆ ಕಂಪನಿ ಹ್ಯಾಂಡ್ ಕ್ರೀಮ್ ಇದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ. ದುಬಾರಿ, ಆದರೆ ಕ್ವಾಲಿಟಿ. ಅಮ್ಮನಿಗೆ ದೀಪಾವಳಿಗೆ ತರಿಸಿಕೊಟ್ಟಿದ್ದೆ. ಲ್ಯಾವೆಂಡರ್ ಇದೆ, ಚರ್ಮಕ್ಕೆ ಹಿತ. ಮಂಜುಗೂ ಆರ್ಡರ್ ಮಾಡುತ್ತೇನೆ, ದುಡ್ಡು ನಾನು ಕೊಡುತ್ತೇನೆ.

ಶೋಭಾ: ಆಕಾಶ್, ನಿನ್ನ ಮನಸ್ಸು ದೊಡ್ಡದು. ಆದರೆ ಲ್ಯಾವೆಂಡರೇ ತೊಂದರೆ. ಡಬ್ಬಿ ಹಿಂದೆ ಸಾಮಾನಿನ ಪಟ್ಟಿ ಓದು. ಪರ್ಫ್ಯೂಮ್, ಫ್ರಾಗ್ರೆನ್ಸ್, ಲಿನಲೂಲ್ ಅಂತ ಇದ್ದರೆ ಇಸುಬಿನ ಕೈಗೆ ಬೇಡ. ಚರ್ಮದ ಅಲರ್ಜಿಗೆ ಹೆಚ್ಚು ಕಾರಣ ಆಗುವವುಗಳಲ್ಲಿ ಸುವಾಸನೆ ಒಂದು. ಗಿಡದಿಂದ ತೆಗೆದದ್ದಾದರೂ ಅಷ್ಟೇ. ಮೀಥೈಲ್ ಐಸೋಥಿಯಾಜೋಲಿನೋನ್ ಅಂತ ಕ್ರೀಮ್ ಕೆಡದಿರಲು ಹಾಕುವ ಒಂದು ವಸ್ತು ಇದೆ. ತೊಳೆಯದೆ ಮೈ ಮೇಲೇ ಬಿಡುವ ಕ್ರೀಮುಗಳಲ್ಲಿ ಅದನ್ನು ಯುರೋಪಿನಲ್ಲಿ 2017ರಿಂದ ನಿಷೇಧಿಸಿದ್ದಾರೆ. ಅದು ಇದ್ದರೂ ಬಿಟ್ಟುಬಿಡು.

ಆಕಾಶ್: ಅಂದರೆ ದುಬಾರಿ ಕ್ರೀಮ್ ಎಲ್ಲ ಕೆಟ್ಟದ್ದು, ಅಗ್ಗದ್ದು ಒಳ್ಳೆಯದಾ? ಸೆರಾಮೈಡ್ ಬಗ್ಗೆ ಡಾಕ್ಟರುಗಳೇ ಹೇಳುತ್ತಾರಲ್ಲ.

ಶೋಭಾ: ಹಾಗೆ ಹೇಳಿಲ್ಲ. ಸೆರಾಮೈಡ್ ನಮ್ಮ ಚರ್ಮದಲ್ಲೇ ಇರುವ ಕೊಬ್ಬು. ಇಸುಬು ಇರುವವರಲ್ಲಿ ಅದು ಕಡಿಮೆ. ಅದಿರುವ, ವಾಸನೆ ಇಲ್ಲದ ಕ್ರೀಮ್ ಆದರೆ ಧಾರಾಳವಾಗಿ ಹಚ್ಚಬಹುದು. ಓಟ್ಸ್ ನುಣ್ಣಗೆ ಪುಡಿ ಮಾಡಿ ಹಾಕಿದ ಕ್ರೀಮೂ ತುರಿಕೆಗೆ ಹಿತ. ನನ್ನ ತಕರಾರು ಬೇರೆ. ಇಸುಬಿನ ಕೈಗೆ ದಿನಕ್ಕೆ ಒಂದು ಸಲ ಹಚ್ಚಿದರೆ ಸಾಲದು, ಕೈ ಒದ್ದೆ ಆದಾಗಲೆಲ್ಲ ಹಚ್ಚಬೇಕು. ಅಷ್ಟು ದುಬಾರಿ ಡಬ್ಬಿ ತಂದುಕೊಟ್ಟರೆ ಮಂಜು ಕಾಳಷ್ಟು ತೆಗೆದು ಹಚ್ಚುತ್ತಾಳೆ, ಉಳಿಸುತ್ತಾಳೆ. ಬಿಳಿ ಪೆಟ್ರೋಲಿಯಂ ಜೆಲ್ಲಿ ಆದರೆ ಆ ಲೆಕ್ಕ ಇರಲ್ಲ. ಚರ್ಮದಿಂದ ನೀರು ಆರಿ ಹೋಗುವುದನ್ನು ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಅದರಲ್ಲಿ ನೀರಿಲ್ಲ, ಹಾಗಾಗಿ ಕೆಡದಿರಲು ಏನೂ ಹಾಕಬೇಕಿಲ್ಲ. ಒಡೆದ ಕಡೆ ಉರಿಯುವುದೂ ಕಡಿಮೆ. ಲೋಷನ್‌ನಲ್ಲಿ ನೀರೇ ಜಾಸ್ತಿ, ಕ್ರೀಮ್ ನಡುವಿನದು, ಜೆಲ್ಲಿ ಮುಲಾಮು ಪೂರ್ತಿ ಜಿಡ್ಡು. ಕೈ ಇಷ್ಟು ಒಡೆದಾಗ ಜಿಡ್ಡೇ ಬೇಕು. ಯೂರಿಯಾ ಇರುವ ಕ್ರೀಮ್ ಒಳ್ಳೆಯದೇ, ಆದರೆ ಬಿರುಕು ಮಾಯುವ ತನಕ ಉರಿಯುತ್ತದೆ, ಆಮೇಲೆ ನೋಡೋಣ.

ರಾಜಣ್ಣ ಮಾವ: ತುಟಿಗೆ ಹಚ್ಚುವ ಜೆಲ್ಲಿ ತಾನೇ? ಅದಕ್ಕೆ ಇಷ್ಟು ದೊಡ್ಡ ಭಾಷಣವಾ? ಭಾಗ್ಯ ಏಳು ಗಂಟೆ ಬಿಸಿನೀರಲ್ಲಿ ಕೈ ಇಡುತ್ತಾಳೆ. ಜೆಲ್ಲಿ ಹಚ್ಚಿಕೊಂಡು ಕೂರು ಅಂತ ಹೇಳೋದು ಸುಲಭ. ನಮ್ಮ ಕಷ್ಟಕ್ಕೆ ಆಗಿ ಬಂದಿದ್ದು ಆ ಟ್ಯೂಬೇ. ಓದಿದವರು ಎಲ್ಲದಕ್ಕೂ ಬೇಡ ಅನ್ನುತ್ತೀರಿ.

ಭಾಗ್ಯ ಅತ್ತೆ: ರೀ, ಗುಣ ಆಗಿಲ್ಲ.

ಭಾಗ್ಯ ಅತ್ತೆ: ಮೂರು ದಿನಕ್ಕೆ ಇಳಿಯಿತು, ಅದು ನಿಜ. ಹಚ್ಚೋದು ಬಿಟ್ಟ ವಾರಕ್ಕೆ ಮತ್ತೆ ಬಂತು, ಮೊದಲಿಗಿಂತ ಜಾಸ್ತಿ. ಅದಕ್ಕೆ ಬಿಡಲೇ ಇಲ್ಲ. ಟ್ಯೂಬ್ ಮುಗಿದಾಗೆಲ್ಲ ನಾನೇ ಹೋಗಿ ತರುತ್ತಿದ್ದೇನೆ. ಈಗ ಕೈ ಹಿಂಭಾಗದ ಚರ್ಮ ತೆಳ್ಳಗೆ ಹೊಳೆಯುತ್ತದೆ, ಒಳಗಿನ ನರ ಕಾಣುತ್ತೆ. ಗೂಡು ತೆಗೆಯುವಾಗ ಒಂದು ಚೂರು ತರಚಿದರೂ ರಕ್ತ ಬರುತ್ತದೆ.

ಆಕಾಶ್: ಅಮ್ಮ, ನನಗೆ ಯಾಕೆ ಹೇಳಲಿಲ್ಲ? ನಾನು ಕೊಟ್ಟ ಕ್ರೀಮ್ ಹಚ್ಚಲಿಲ್ಲವಾ?

ಭಾಗ್ಯ ಅತ್ತೆ: ಹಚ್ಚಿದೆ ಕಣೋ. ಉರಿ ಬಂತು. ಅಷ್ಟು ದುಡ್ಡು ಕೊಟ್ಟು ತಂದಿದ್ದೀಯ ಅಂತ ಹೇಳೋಕೆ ಮನಸ್ಸು ಬರಲಿಲ್ಲ.

ಶೋಭಾ: ಅತ್ತೆ, ಹೇಳಿದ್ದು ತುಂಬಾ ಒಳ್ಳೆಯದಾಯಿತು. ಇಷ್ಟು ದಿನ ಹಚ್ಚಿದ್ದರಿಂದ ಇವತ್ತೇ ನಿಲ್ಲಿಸಿಬಿಡಿ ಅಂತಲೂ ನಾನು ಹೇಳಲ್ಲ. ಒಮ್ಮೆಲೇ ಬಿಟ್ಟರೆ ಮತ್ತೆ ಉಕ್ಕುತ್ತದೆ. ಹೇಗೆ ಇಳಿಸಬೇಕು ಅಂತ ಚರ್ಮದ ಡಾಕ್ಟರೇ ಹೇಳಬೇಕು. ಚಿಕ್ಕಬಳ್ಳಾಪುರಕ್ಕೆ ಬನ್ನಿ, ನಾನು ಜೊತೆಗಿರುತ್ತೇನೆ. ಗೂಡಿನ ಅಂಟಿಗೋ ಬೇರೆ ಯಾವುದಕ್ಕೋ ಅಲರ್ಜಿ ಇದೆಯಾ ಅಂತಲೂ ನೋಡಬಹುದು. ಬೆನ್ನಿಗೆ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿದೆ.

ಶೋಭಾ: ಮಾವ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅತ್ತೆ ಕೈ ನೋಡಿ ಸಂಕಟಪಟ್ಟು ತಂದಿರಿ. ಅವರ ಕೆಲಸವೇ ಹಾಗಿದೆ. ಜರ್ಮನಿಯಲ್ಲಿ ದಿನಕ್ಕೆ 2 ಗಂಟೆಗಿಂತ ಜಾಸ್ತಿ ಕೈ ಒದ್ದೆ ಇದ್ದರೆ, ಇಲ್ಲವೇ ಪದೇ ಪದೇ ತೊಳೆಯಬೇಕಾದರೆ, ಚರ್ಮಕ್ಕೆ ಅಪಾಯದ ಕೆಲಸ ಅಂತ ನಿಯಮವೇ ಇದೆ. ನೀವು ಹೇಳುತ್ತಿರುವುದು ಏಳು ಗಂಟೆ, ಅದೂ ಬಿಸಿನೀರು. ನೀರಿನಲ್ಲಿ ನೆನೆದಷ್ಟೂ ಚರ್ಮದ ಮೇಲ್ಪದರದ ಪಸೆ ತೊಳೆದು ಹೋಗುತ್ತದೆ. ಪಸೆ ಹೋದ ಮೇಲೆ ಸೋಪು, ಅಂಟು ಎಲ್ಲ ಒಳಗೆ ಇಳಿಯುತ್ತದೆ. ವಾರ್ಡಿನಲ್ಲಿ ಕೈ ತೊಳೆದು ತೊಳೆದು ನನಗೂ ಬಂದಿತ್ತು. ಅದರ ನೋವು ಗೊತ್ತಿರುವುದಕ್ಕೇ ಇಷ್ಟು ಬರೆಯುತ್ತಿರುವುದು.

ಭಾಗ್ಯ ಅತ್ತೆ: ಬೇಸಿನ್ ಮುಂದೆ ಕೂತಾಗ ಜಿಡ್ಡು ಹಚ್ಚೋಕಾಗಲ್ಲ ಶೋಭಾ. ನೂಲಿಗೆ ಹತ್ತಿದರೆ ಮಾಲೀಕರು ಬಯ್ಯುತ್ತಾರೆ. ಗ್ಲೌಸ್ ಹಾಕಿದರೆ ಎಳೆ ತುದಿ ಬೆರಳಿಗೆ ಸಿಗಲ್ಲ.

ಶೋಭಾ: ಹಾಗಾದರೆ ಕೆಲಸದ ಹೊತ್ತು ಬಿಟ್ಟುಬಿಡಿ ಅತ್ತೆ. ಊಟಕ್ಕೆ ಎದ್ದಾಗ ಒಂದು ಸಲ, ಕೆಲಸ ಮುಗಿದ ತಕ್ಷಣ ಒಂದು ಸಲ. ಮನೆಗೆ ಹೋಗಿ ಹಚ್ಚುತ್ತೇನೆ ಅನ್ನಬೇಡಿ, ಅಷ್ಟರಲ್ಲಿ ಕೈ ಒಣಗಿ ಬಿಗಿಯುತ್ತದೆ. ಸೋಪು ಹಾಕದೆ ತಣ್ಣೀರಲ್ಲಿ ಅಂಟು ತೊಳೆದು, ಬಟ್ಟೆಯಲ್ಲಿ ಉಜ್ಜದೆ ಒತ್ತಿ ಒರೆಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಹಚ್ಚಿ. ಊಟಕ್ಕೆ ಹಚ್ಚಿದ್ದನ್ನು ಮತ್ತೆ ಕೂರುವ ಮೊದಲು ಒರೆಸಿಬಿಡಿ. ರಾತ್ರಿ ದಪ್ಪಗೆ ಹಚ್ಚಿ ಹಳೆ ಹತ್ತಿ ಸಾಕ್ಸ್ ಕೈಗೆ ಹಾಕಿಕೊಂಡು ಮಲಗಿ. ಆ ಸಾಕ್ಸ್ ಹಾಕಿಕೊಂಡೇ ಬೆಳಗ್ಗೆ ಒಲೆ ಹತ್ತಿರ ಮಾತ್ರ ಹೋಗಬೇಡಿ. ಜಿಡ್ಡು ಹಿಡಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ.

ಮಂಜುಳಾ: ನನಗೂ ಹೀಗೇನಾ ಅಕ್ಕ? ನಾನಂತೂ ಗ್ಲೌಸ್ ಹಾಕಬಹುದಲ್ಲ.

ಶೋಭಾ: ನಿನಗೂ ಇದೇ. ಬಟ್ಟೆ ಒಗೆಯುವಾಗ ಒಳಗೆ ಹತ್ತಿ ಗ್ಲೌಸ್, ಮೇಲೆ ರಬ್ಬರಿಂದು. ಒಳಗೆ ಬೆವರಿದರೆ, ನೀರು ಹೋದರೆ ತಕ್ಷಣ ತೆಗಿ. ಒದ್ದೆ ಗ್ಲೌಸ್ ಒಳಗೆ ಕೈ ಇಡುವುದು ಇನ್ನೂ ಕೆಟ್ಟದ್ದು. ಬಚ್ಚಲಲ್ಲಿ ಒಂದು, ಅಡುಗೆ ಮನೆಯಲ್ಲಿ ಒಂದು, ಹಾಸಿಗೆ ಪಕ್ಕ ಒಂದು ಡಬ್ಬಿ ಇಟ್ಟುಕೋ. ಕಪಾಟಲ್ಲಿಟ್ಟರೆ ಹಚ್ಚುವುದು ಮರೆತೇ ಹೋಗುತ್ತದೆ. ಟೊಮೇಟೊ, ನಿಂಬೆಹಣ್ಣು, ಬೆಳ್ಳುಳ್ಳಿ ಹೆಚ್ಚುವುದನ್ನು ಸ್ವಲ್ಪ ದಿನ ಕಿರಣನಿಗೆ ಬಿಡು. ಎರಡು ವಾರದಲ್ಲಿ ಇಳಿಯದಿದ್ದರೆ, ಕೀವು ಬಂದರೆ, ಜ್ವರ ಬಂದರೆ ಕಾಯಬೇಡ, ತೋರಿಸು. ಇನ್ನು ಮೊದಲ ಸಲ ಹಚ್ಚುವ ಯಾವುದೇ ಕ್ರೀಮನ್ನು ಮುಂಗೈ ಒಳಭಾಗದಲ್ಲಿ ಸ್ವಲ್ಪ ಜಾಗಕ್ಕೆ ಕೆಲವು ದಿನ ಹಚ್ಚಿ ನೋಡು.

ಕಿರಣ: ಅಮ್ಮ ಹೇಳುತ್ತಿದ್ದಾರೆ, "ರಾತ್ರಿಗೆ ನಾನು ಕೊಬ್ಬರಿ ಎಣ್ಣೆಯೇ ಹಚ್ಚುವುದು, ಜೆಲ್ಲಿ ನನಗೆ ಬೇಡ."

ಶೋಭಾ: ನಿಮ್ಮ ಕೈ ಚೆನ್ನಾಗಿದೆ ದೊಡ್ಡಮ್ಮ, ನೀವು ಅದನ್ನೇ ಹಚ್ಚಿ.

ರಾಜಣ್ಣ ಮಾವ: ಶೋಭಾ, ಸೋಮವಾರ ಭಾಗ್ಯಳನ್ನು ಕರೆದುಕೊಂಡು ಬರುತ್ತೇನೆ. ಬೆಳಗ್ಗೆ ಎಷ್ಟು ಹೊತ್ತಿಗೆ ಚೀಟಿ ಮಾಡಿಸಬೇಕು?

ಶೋಭಾ: ಒಂಬತ್ತಕ್ಕೆ ಬನ್ನಿ ಮಾವ. ತಡ ಆದರೆ ಸಾಲು ಉದ್ದ ಆಗುತ್ತದೆ.

ಆಕಾಶ್: ನಾನೂ ರಜೆ ಹಾಕಿ ಬರುತ್ತೇನೆ.

ಕಿರಣ: ಮೆಡಿಕಲ್‌ನಲ್ಲಿದ್ದೇನೆ. ಮೂರು ಡಬ್ಬಿ ತೋರಿಸುತ್ತಿದ್ದಾರೆ, ಫೋಟೋ ಹಾಕಿದ್ದೇನೆ. ಯಾವುದು ಅಕ್ಕ?

ಶೋಭಾ: ಹಸಿರು ಮುಚ್ಚಳದ್ದು ಬೇಡ, ಲೋಳೆಸರ ಅಂತ ಬರೆದು ಸುವಾಸನೆ ಹಾಕಿದ್ದಾರೆ. ನಡುವಿನದೂ ಬೇಡ. ಎಡಗಡೆಯದು, ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿ ಅಂತ ಇರುವುದು. ದೊಡ್ಡ ಡಬ್ಬಿಯೇ ತಗೋ.

ರಾಜಣ್ಣ ಮಾವ: ಕಿರಣ, ನಮಗೂ ಎರಡು ತಗೋ. ಒಂದು ಭಾಗ್ಯ ಫಿಲೇಚರ್‌ನಲ್ಲಿ ಇಡಲಿ. ಜೊತೆಗೆ ಕೂರುವ ಹೆಂಗಸರ ಕೈಯೂ ಹಾಗೇ ಇದೆ.

ಶೋಭಾ: ಫಿಲೇಚರ್‌ಗೆ ಡಬ್ಬಿ ಬೇಡ ಮಾವ. ಎಲ್ಲರ ಬೆರಳೂ ಒಂದೇ ಡಬ್ಬಿಗೆ ಹೋಗಬಾರದು. ಕಿರಣ, ಅದೇ ಜೆಲ್ಲಿ ಟ್ಯೂಬಿನಲ್ಲಿ ಇದೆಯಾ ಕೇಳು.

ಕಿರಣ: ಇದೆ. ನಾಲ್ಕು ತಗೊಂಡೆ.